ಮಾಡ್ಯೂಲ್ ಸಿಗಲಿಲ್ಲವೆಂದು ಫೋಲ್ಡರ್ ಅಳಿಸುವ ಮೊದಲು

ವೆಬ್ ಆ್ಯಪ್ ಓಡಿಸಲು ಹೋದಾಗ ‘ಕೆನಾಟ್ ಫೈಂಡ್ ಮಾಡ್ಯೂಲ್’ (ಬೇಕಾದ ಕೋಡ್ ತುಂಡು ಸಿಗಲಿಲ್ಲ) ಎಂದು ಕೆಂಪಕ್ಷರ ಬಂತೆಂದರೆ, ಹೆಚ್ಚಿನವರ ಕೈ ನೇರ, ಹೊರಗಿನಿಂದ ಇಳಿಸಿಕೊಂಡ ಪ್ಯಾಕೇಜುಗಳಿರುವ ‘ನೋಡ್ ಮಾಡ್ಯೂಲ್ಸ್’ ಫೋಲ್ಡರ್ ಮೇಲೆ ಹೋಗುತ್ತದೆ. ಅಳಿಸು, ಮತ್ತೆ ಇನ್‌ಸ್ಟಾಲ್ ಕೊಡು. ಬೆಂಗಳೂರಿನ ಫೈಬರ್ ಲೈನಿನಲ್ಲಿ ಅದು ಎರಡು ನಿಮಿಷದ ಕೆಲಸ. ಕೊಡಗಿನ ಕಕ್ಕಡ ತಿಂಗಳ ಜಡಿಮಳೆಯಲ್ಲಿ ನಾಪೋಕ್ಲಿನಲ್ಲೋ ಭಾಗಮಂಡಲದ ಕಡೆಯೋ ಕೂತವರಿಗೆ ಆ ಆಟ ನಡೆಯುವುದಿಲ್ಲ. ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗಿರುತ್ತದೆ, ಟವರಿನ ಬ್ಯಾಟರಿ ಸೋತು ಸಿಗ್ನಲ್ ಒಂದು ಕಡ್ಡಿಗೆ ಇಳಿದಿರುತ್ತದೆ. ಇದ್ದ ಫೋಲ್ಡರೂ ಹೋಯಿತು, ಹೊಸದೂ ಅರ್ಧಕ್ಕೆ ನಿಂತಿತು. ಇಷ್ಟೆಲ್ಲ ಮಾಡಿದ ಮೇಲೆ ನೋಡಿದರೆ ತಪ್ಪಿದ್ದದ್ದು ಫೈಲ್ ಹೆಸರಿನ ಒಂದು ಅಕ್ಷರದಲ್ಲಿ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಅಳಿಸುವ ಕೆಲಸ ಎಲ್ಲಕ್ಕಿಂತ ಕೊನೆಯಲ್ಲಿ ಬರುತ್ತದೆ. ಅದಕ್ಕೂ ಮುಂಚಿನ ಹೆಚ್ಚಿನ ಪರೀಕ್ಷೆಗಳಿಗೆ ಇಂಟರ್ನೆಟ್ಟೇ ಬೇಡ.

ಉದಾಹರಣೆಗೆ ಒಂದು ಚಿಕ್ಕ ಪ್ರಾಜೆಕ್ಟ್ ಇಟ್ಟುಕೊಳ್ಳೋಣ. ಕೊಡಗಿನ ಕಾಫಿ ತೋಟಗಳಲ್ಲಿ ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ ಇಂಚು, ಸೆಂಟ್ ಲೆಕ್ಕದಲ್ಲಿ ಡೈರಿಗೆ ಬರೆದಿಡುವ ರೂಢಿ ಇದೆಯಲ್ಲ, ಅದನ್ನೇ ಮೊಬೈಲಿನಲ್ಲಿ ತುಂಬಿಸುವ ಆ್ಯಪ್. ನೂರು ಸೆಂಟ್‌ಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿ.ಮೀ. ಫ್ರಂಟೆಂಡ್, ಅಂದರೆ ಬ್ರೌಸರಿನಲ್ಲಿ ಕಾಣುವ ಭಾಗ, ರಿಯಾಕ್ಟ್‌ನಲ್ಲಿ; ಅದನ್ನು ಓಡಿಸಿ, ಬಿಲ್ಡ್ ಮಾಡಿ ಕೊಡುವ ಸಾಧನ ವೀಟ್. ಬ್ಯಾಕೆಂಡ್, ಅಂದರೆ ಸರ್ವರ್ ಭಾಗ, ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಮತ್ತು ಅದರ ಮೇಲಿನ ಎಕ್ಸ್‌ಪ್ರೆಸ್‌ನಲ್ಲಿ. ಕಮಾಂಡ್‌ಗಳನ್ನೂ ಎರರ್‌ಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಳ್ಳಿ.

ಎರರ್ ಪೂರ್ತಿ ಓದಿ

ಎರರ್ ಸಂದೇಶ ಉದ್ದ ಇರುತ್ತದೆ, ನಿಜ. ಆದರೆ ನಮಗೆ ಬೇಕಾದದ್ದು ಅದರಲ್ಲಿ ಮೂರೇ ಸಂಗತಿ: ಯಾವ ಹೆಸರನ್ನು ಕೇಳಲಾಯಿತು, ಯಾವ ಫೈಲ್ ಕೇಳಿತು, ಕೇಳಿದ್ದಕ್ಕೆ ಉತ್ತರ ಕೊಡಲಾಗದೆ ಕೂಗಿದ್ದು ಯಾರು. ನೋಡ್‌ನಲ್ಲಿ ಹಳೆಯ ‘ರಿಕ್ವೈರ್’ ಪದ್ಧತಿಯಿದ್ದರೆ ಸಂದೇಶದ ಕೆಳಗೆ ‘ರಿಕ್ವೈರ್ ಸ್ಟ್ಯಾಕ್’ ಎಂದು ಫೈಲ್‌ಗಳ ಪಟ್ಟಿ ಬರುತ್ತದೆ. ಅದರ ಮೊದಲ ಸಾಲಿನ ಫೈಲೇ ಕೇಳಿದವನು. ಹೊಸ ‘ಇಂಪೋರ್ಟ್’ ಪದ್ಧತಿಯಲ್ಲಿ ‘ಇಂಪೋರ್ಟೆಡ್ ಫ್ರಮ್’ ಎಂದ ಮೇಲೆ ಅದೇ ಮಾಹಿತಿ. ವೀಟ್ ಆದರೆ ‘ಫೇಲ್ಡ್ ಟು ರಿಸಾಲ್ವ್ ಇಂಪೋರ್ಟ್’ ಎಂದು ಹೇಳಿ ‘ಡಸ್ ದ ಫೈಲ್ ಎಕ್ಸಿಸ್ಟ್?’ ಎಂದು ನಮ್ಮನ್ನೇ ಕೇಳುತ್ತದೆ. ವೀಟ್‌ನಂಥದೇ ಇನ್ನೊಂದು ಸಾಧನವಾದ ವೆಬ್‌ಪ್ಯಾಕ್ ಆದರೆ ‘ಕಾಂಟ್ ರಿಸಾಲ್ವ್’ ಎಂದು ಬರೆದು ಯಾವ ಫೋಲ್ಡರಿನಲ್ಲಿ ಹುಡುಕಿದೆ ಎಂಬುದನ್ನೂ ಕೊಡುತ್ತದೆ.

ಕೂಗಿದ್ದು ಯಾರು ಎಂಬುದನ್ನು ಯಾಕೆ ನೋಡಬೇಕೆಂದರೆ, ನೋಡ್, ವೀಟ್, ಬ್ರೌಸರ್ ಈ ಮೂರೂ ಬೇರೆ ಬೇರೆ ನಿಯಮದಲ್ಲಿ ಹುಡುಕುತ್ತವೆ. ಕೆಂಪಕ್ಷರ ಟರ್ಮಿನಲ್‌ನಲ್ಲಿ ಬಂತೋ, ಬ್ರೌಸರಿನ ಕನ್ಸೋಲ್‌ನಲ್ಲಿ ಬಂತೋ? ಇಷ್ಟು ಗೊತ್ತಾದರೆ ಅರ್ಧ ದಾರಿ ಮುಗಿಯಿತು.

ಈಗ ಕೇಳಿದ ಹೆಸರನ್ನು ನೋಡಿ. ಅದು ಚುಕ್ಕಿಯಿಂದ ಶುರುವಾಗಿದೆಯೇ ಇಲ್ಲವೇ? ನಮ್ಮ ಊರಿನ ಪೋಸ್ಟ್‌ಮ್ಯಾನ್‌ಗೆ ಮನೆಹೆಸರು ಹೇಳಿದರೆ ಸಾಕು, ಕಾಗದ ತಲುಪುತ್ತದೆ. ಹೊರಗಿನಿಂದ ಬಂದವರಿಗೆ ಮಾತ್ರ ‘ಇಲ್ಲಿಂದ ಒಂದು ಏರು ಹತ್ತಿ, ಎಡಕ್ಕೆ ತಿರುಗಿ’ ಎಂದು ದಾರಿ ಹೇಳಬೇಕು. ‘ಎಕ್ಸ್‌ಪ್ರೆಸ್’, ‘ರಿಯಾಕ್ಟ್’ ಎಂದು ಬರೀ ಹೆಸರಿದ್ದರೆ ಅದು ಮನೆಹೆಸರಿನ ಬಗೆ: ನೋಡ್ ಅದನ್ನು ನೋಡ್ ಮಾಡ್ಯೂಲ್ಸ್‌ನಲ್ಲಿ ಹುಡುಕುತ್ತದೆ. ಒಂದೋ ಎರಡೋ ಚುಕ್ಕಿಯಿಂದ ಶುರುವಾಗಿ ಕೂಡಲೇ ಓರೆಗೆರೆ ಬಂದರೆ ಅದು ದಾರಿ: ಕೇಳಿದ ಫೈಲ್ ಇರುವ ಫೋಲ್ಡರಿನಿಂದ ಲೆಕ್ಕ. ಟರ್ಮಿನಲ್ ಯಾವ ಫೋಲ್ಡರಿನಲ್ಲಿ ತೆರೆದಿದ್ದೀರಿ ಎಂಬುದಕ್ಕೂ ಈ ದಾರಿಗೂ ಸಂಬಂಧವಿಲ್ಲ.

ಕೇಳಿದ್ದು ನಿಮ್ಮದೇ ಫೈಲ್ ಆಗಿದ್ದು, ಹೆಸರು ಚುಕ್ಕಿಯಿಂದ ಶುರುವಾಗಿದ್ದರೆ ತಪ್ಪು ನಿಮ್ಮ ಫೈಲ್‌ಗಳಲ್ಲೇ ಇದೆ. ಇನ್‌ಸ್ಟಾಲ್ ಎಷ್ಟು ಸಲ ಕೊಟ್ಟರೂ ಅದು ಸರಿಹೋಗುವುದಿಲ್ಲ.

ದಾರಿ ತಪ್ಪಿದ ಫೈಲ್‌ಗಳು

ಇಲ್ಲಿ ಅತಿ ಹೆಚ್ಚು ಕಾಡುವುದು ಕ್ಯಾಪಿಟಲ್–ಸ್ಮಾಲ್ ಅಕ್ಷರದ ಗೊಂದಲ. ಲ್ಯಾಪ್‌ಟಾಪಿನಲ್ಲಿ ಓಡುವುದು ಸರ್ವರ್‌ನಲ್ಲಿ ಓಡದಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ವಿಂಡೋಸ್ ಮತ್ತು ಮ್ಯಾಕ್‌ಗಳ ಫೈಲ್ ವ್ಯವಸ್ಥೆ, ನಾವಾಗಿ ಬದಲಿಸದಿದ್ದರೆ, ದೊಡ್ಡಕ್ಷರ ಚಿಕ್ಕಕ್ಷರದ ಭೇದ ಎಣಿಸುವುದಿಲ್ಲ. ಲಿನಕ್ಸ್ ಎಣಿಸುತ್ತದೆ. ಸರ್ವರ್‌ಗಳು ಹೆಚ್ಚಾಗಿ ಲಿನಕ್ಸ್.

ಗೋಣಿಕೊಪ್ಪದ ಹುಡುಗನೊಬ್ಬನ ಮಳೆ ಆ್ಯಪ್‌ನಲ್ಲಿ ಆದದ್ದು ಇದೇ. ಫೈಲ್ ಹೆಸರು ‘ರೈನ್‌ಕಾರ್ಡ್ ಡಾಟ್ ಜೆಎಸ್‌ಎಕ್ಸ್’. ಮೊದಲು ಅವನು ಎಲ್ಲವನ್ನೂ ಸ್ಮಾಲ್ ಅಕ್ಷರದಲ್ಲಿ ಬರೆದಿದ್ದ. ಆಮೇಲೆ ರಿಯಾಕ್ಟ್ ರೂಢಿಯಂತೆ ‘ಆರ್’ ಮತ್ತು ‘ಸಿ’ಯನ್ನು ಕ್ಯಾಪಿಟಲ್ ಮಾಡಿ, ಇಂಪೋರ್ಟ್ ಸಾಲನ್ನೂ ಅದಕ್ಕೆ ಸರಿಯಾಗಿ ತಿದ್ದಿದ. ಅವನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ. ಸರ್ವರ್‌ನಲ್ಲಿ ಬಿಲ್ಡ್ ಮಾಡಿದರೆ ಮಾತ್ರ:

‘ಕುಡ್ ನಾಟ್ ರಿಸಾಲ್ವ್ "./ರೈನ್‌ಕಾರ್ಡ್" ಫ್ರಮ್ "ಎಸ್‌ಆರ್‌ಸಿ/ಪೇಜಸ್/ಹೋಮ್.ಜೆಎಸ್‌ಎಕ್ಸ್"’

‘ಸರ್, ಫೈಲ್ ಕಣ್ಣೆದುರಿಗೇ ಇದೆ’ ಎಂದು ಅವನ ವಾದ. ಇತ್ತು, ಅವನ ಕಣ್ಣೆದುರಿಗೆ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ಗೆ ಕಾಣುತ್ತಿದ್ದದ್ದು ಬೇರೆ. ‘ಗಿಟ್ ಎಲ್‌ಎಸ್-ಫೈಲ್ಸ್’ ಎಂದು ಕೊಟ್ಟಾಗ ಪಟ್ಟಿಯಲ್ಲಿ ಹಳೆಯ ಸ್ಮಾಲ್ ಅಕ್ಷರದ ಹೆಸರೇ ಕೂತಿತ್ತು. ವಿಂಡೋಸ್‌ನಲ್ಲಿ ಗಿಟ್‌ನ ‘ಕೋರ್ ಡಾಟ್ ಇಗ್ನೋರ್‌ಕೇಸ್’ ಎಂಬ ಸೆಟ್ಟಿಂಗ್ ಆನ್ ಆಗಿರುತ್ತದೆ, ಹಾಗಾಗಿ ಬರೀ ಅಕ್ಷರದ ಗಾತ್ರ ಬದಲಾದದ್ದು ಅದರ ಗಮನಕ್ಕೇ ಬರುವುದಿಲ್ಲ. ಪರಿಹಾರ ಎರಡು ಹೆಜ್ಜೆಯದು. ‘ಗಿಟ್ ಎಂವಿ’ ಬಳಸಿ ಮೊದಲು ಫೈಲಿಗೆ ಯಾವುದಾದರೂ ತಾತ್ಕಾಲಿಕ ಹೆಸರು ಕೊಡಿ, ಮತ್ತೊಮ್ಮೆ ‘ಗಿಟ್ ಎಂವಿ’ ಮಾಡಿ ಸರಿಯಾದ ಹೆಸರಿಗೆ ತನ್ನಿ, ಕಮಿಟ್ ಮಾಡಿ ಪುಶ್ ಮಾಡಿ. ಆ ಸೆಟ್ಟಿಂಗನ್ನೇ ಆಫ್ ಮಾಡಿಬಿಡಿ ಎಂದು ಹೇಳುವವರಿದ್ದಾರೆ. ವಿಂಡೋಸ್‌ನಲ್ಲಿ ಅದರಿಂದ ಒಂದೇ ಫೈಲ್ ಗಿಟ್‌ನಲ್ಲಿ ಎರಡೆರಡು ಹೆಸರಿನಲ್ಲಿ ಕೂತು ಇನ್ನೊಂದು ತಲೆನೋವು ಶುರುವಾಗುತ್ತದೆ. ಬೇಡ.

ಎರಡನೆಯದು ಎಕ್ಸ್‌ಟೆನ್ಷನ್. ವೀಟ್ ‘./ಲೆಕ್ಕ’ ಎಂದರೂ ಸಾಕು, ಜೆಎಸ್, ಟಿಎಸ್, ಜೆಎಸ್‌ಎಕ್ಸ್ ಎಂದು ತಾನೇ ಸೇರಿಸಿ ನೋಡುತ್ತದೆ. ನೋಡ್‌ನ ಹೊಸ ಇಂಪೋರ್ಟ್ ಪದ್ಧತಿ ಹಾಗಲ್ಲ, ‘./ಲೆಕ್ಕ.ಜೆಎಸ್’ ಎಂದು ಪೂರ್ತಿ ಬರೆಯಲೇಬೇಕು. ಫೋಲ್ಡರ್ ಹೆಸರು ಮಾತ್ರ ಕೊಟ್ಟು ಅದರೊಳಗಿನ ಇಂಡೆಕ್ಸ್ ಫೈಲನ್ನು ಅದೇ ಹುಡುಕಿಕೊಳ್ಳಲಿ ಎಂದರೂ ಆಗುವುದಿಲ್ಲ. ಇಂಚನ್ನು ಮಿ.ಮೀ.ಗೆ ತಿರುಗಿಸುವ ಫೈಲನ್ನು ಫ್ರಂಟೆಂಡ್‌ನಿಂದ ಬ್ಯಾಕೆಂಡ್‌ಗೆ ನಕಲು ಮಾಡಿದ ಕೂಡಲೇ ‘ಸಿಗಲಿಲ್ಲ’ ಎಂದು ಬರುವುದು ಈ ಕಾರಣಕ್ಕೆ. ಫೈಲ್ ಕೆಟ್ಟಿಲ್ಲ, ಓದುವವನು ಬದಲಾದ.

‘@’ ಚಿಹ್ನೆಯಿಂದ ಶುರುವಾಗಿ ಕೂಡಲೇ ಓರೆಗೆರೆ ಬರುವ ದಾರಿಗಳದ್ದೂ ಇದೇ ಕತೆ. ಅದು ನಾವು ಇಟ್ಟುಕೊಂಡ ಅಡ್ಡಹೆಸರು. ಅದನ್ನು ಟೈಪ್‌ಸ್ಕ್ರಿಪ್ಟ್‌ನ ಟಿಎಸ್‌ಕಾನ್ಫಿಗ್‌ನಲ್ಲಿ ಬರೆದರೆ ಎಡಿಟರ್‌ಗೆ ಗೊತ್ತಾಗುತ್ತದೆ, ಕೆಂಪು ಗೆರೆ ಹೋಗುತ್ತದೆ, ವೀಟ್‌ಗೆ ಗೊತ್ತಾಗುವುದಿಲ್ಲ. ವೀಟ್ ಕಾನ್ಫಿಗ್‌ನ ‘ರಿಸಾಲ್ವ್ ಡಾಟ್ ಏಲಿಯಾಸ್’ನಲ್ಲೂ ಬರೆಯಬೇಕು. ಟೈಪ್‌ಸ್ಕ್ರಿಪ್ಟ್ ಕಂಪೈಲರ್ ಈ ಅಡ್ಡಹೆಸರನ್ನು ನಿಜವಾದ ದಾರಿಯಾಗಿ ತಿದ್ದಿ ಕೊಡುವುದಿಲ್ಲ, ಇದ್ದ ಹಾಗೇ ಬಿಡುತ್ತದೆ. ಬ್ಯಾಕೆಂಡ್‌ನಲ್ಲಿ ಅಡ್ಡಹೆಸರಿನ ಗೋಜಿಗೆ ಹೋಗದೆ ನೇರ ದಾರಿ ಬರೆಯುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಕನ್ನಡದಲ್ಲಿ ಫೈಲ್ ಹೆಸರಿಡುವ ಉತ್ಸಾಹಿಗಳಿಗೆ ಒಂದು ಮಾತು. ಆಗುತ್ತದೆ, ನೋಡ್ ಬೇಡವೆನ್ನುವುದಿಲ್ಲ. ಆದರೆ ‘ತೋಟ’ ಎಂಬುದರ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಊಕಾರದ ಕೊಂಬು, ದೀರ್ಘದ ಗುರುತು ಎಂದು ಮೂರು ಸಂಕೇತವಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ‘ತೋಟ’. ಕಂಪ್ಯೂಟರಿಗೆ ಬೇರೆ ಬೇರೆ. ಅರ್ಧಾಕ್ಷರ ಒಡೆದು ಬರೆಯಲು ಒತ್ತುವ ಕಾಣದ ಅಕ್ಷರವೂ ಹೆಸರಿನೊಳಗೆ ಉಳಿದುಬಿಡುತ್ತದೆ. ದಿನವಿಡೀ ಹುಡುಕಿದರೂ ಬರೀ ಕಣ್ಣಿಗೆ ಸಿಗದ ತಪ್ಪು ಇದು. ಪರದೆಯ ಮೇಲಿನ ಮಾತೆಲ್ಲ ಕನ್ನಡದಲ್ಲೇ ಇರಲಿ, ಫೈಲ್ ಹೆಸರು ಮಾತ್ರ ಇಂಗ್ಲಿಷಿನ ಸ್ಮಾಲ್ ಅಕ್ಷರದಲ್ಲಿ, ನಡುವೆ ಹೈಫನ್ ಹಾಕಿ ಇಡಿ. ಕ್ಯಾಪಿಟಲ್ ಗೊಂದಲವೂ ಇದರಿಂದಲೇ ತಪ್ಪುತ್ತದೆ.

ಬರೀ ಹೆಸರು ಕೇಳಿ ಸಿಗದಿದ್ದರೆ

ಮೊದಲು ನೀವು ಎಲ್ಲಿ ನಿಂತಿದ್ದೀರಿ ನೋಡಿಕೊಳ್ಳಿ. ಮಳೆ ಆ್ಯಪ್‌ನಲ್ಲಿ, ಬೇಕಾದ ಪ್ಯಾಕೇಜುಗಳ ಪಟ್ಟಿಯಿರುವ ‘ಪ್ಯಾಕೇಜ್ ಡಾಟ್ ಜೇಸನ್’ ಫೈಲ್ ಫ್ರಂಟೆಂಡ್‌ಗೆ ಒಂದು, ಬ್ಯಾಕೆಂಡ್‌ಗೆ ಇನ್ನೊಂದು. ಎಕ್ಸ್‌ಪ್ರೆಸ್‌ಅನ್ನು ಫ್ರಂಟೆಂಡ್ ಫೋಲ್ಡರಿನಲ್ಲಿ ನಿಂತು ಇನ್‌ಸ್ಟಾಲ್ ಮಾಡಿದರೆ ಬ್ಯಾಕೆಂಡ್‌ಗೆ ಅದು ಎಂದಿಗೂ ಸಿಗದು. ನೋಡ್ ಹುಡುಕುವ ರೀತಿ ಹೀಗೆ: ಕೇಳಿದ ಫೈಲಿನ ಪಕ್ಕದ ನೋಡ್ ಮಾಡ್ಯೂಲ್ಸ್, ಅಲ್ಲಿಲ್ಲದಿದ್ದರೆ ಒಂದು ಮೆಟ್ಟಿಲು ಮೇಲಿನ ಫೋಲ್ಡರಿನದ್ದು, ಮತ್ತೆ ಅದರ ಮೇಲಿನದ್ದು, ಹೀಗೆ ಡ್ರೈವ್‌ನ ತುದಿಯವರೆಗೆ. ಪಕ್ಕದ ಫೋಲ್ಡರಿಗೆ ಇಣುಕುವುದಿಲ್ಲ.

ಈ ಮೇಲೇರುವ ಅಭ್ಯಾಸದಿಂದ ಇನ್ನೊಂದು ಮೋಸವಿದೆ. ಯಾವತ್ತೋ ಮನೆಯ ಮೂಲ ಫೋಲ್ಡರಿನಲ್ಲಿ ನಿಂತು ಏನನ್ನೋ ಇನ್‌ಸ್ಟಾಲ್ ಮಾಡಿದ್ದರೆ ನಿಮ್ಮ ಲ್ಯಾಪ್‌ಟಾಪಿನ ಎಲ್ಲ ಪ್ರಾಜೆಕ್ಟ್‌ಗೂ ಅದು ಸಿಗುತ್ತಾ ಇರುತ್ತದೆ. ಸ್ನೇಹಿತರ ಲ್ಯಾಪ್‌ಟಾಪಿನಲ್ಲಿ ಮಾತ್ರ ಸಿಗುವುದಿಲ್ಲ, ಯಾಕೆಂದು ಇಬ್ಬರಿಗೂ ಹೊಳೆಯುವುದಿಲ್ಲ. ಪರೀಕ್ಷೆ ಸುಲಭ: ಪ್ಯಾಕೇಜುಗಳನ್ನು ಇಳಿಸಿಕೊಡುವ ಎನ್‌ಪಿಎಂಗೆ ‘ಎನ್‌ಪಿಎಂ ಎಲ್‌ಎಸ್’ ಎಂದು ಬರೆದು ಪ್ಯಾಕೇಜ್ ಹೆಸರು ಕೊಡಿ. ‘ಎಂಪ್ಟಿ’ ಎಂದು ಬಂದರೆ ಈ ಪ್ರಾಜೆಕ್ಟ್‌ನಲ್ಲಿ ಅದು ಇಲ್ಲ. ‘ಮಿಸ್ಸಿಂಗ್’ ಎಂದರೆ ಪಟ್ಟಿಯಲ್ಲಿದೆ, ಡಿಸ್ಕ್‌ನಲ್ಲಿಲ್ಲ. ಇವೆರಡಕ್ಕೆ ಮದ್ದು ಬೇರೆ. ಮೊದಲನೆಯದಕ್ಕೆ ಪಟ್ಟಿಗೆ ಸೇರಿಸಬೇಕು, ಎರಡನೆಯದಕ್ಕೆ ಇನ್‌ಸ್ಟಾಲ್ ಮಾಡಬೇಕು.

ಸರ್ವರ್‌ನಲ್ಲಿ ‘ವೀಟ್: ನಾಟ್ ಫೌಂಡ್’ ಎಂದು ಬಂದರೆ ‘ನೋಡ್ ಎನ್ವ್’ ಎಂಬ ವೇರಿಯಬಲ್ ‘ಪ್ರೊಡಕ್ಷನ್’ ಆಗಿದೆಯೇ ನೋಡಿ. ಹಾಗಿದ್ದಾಗ ಎನ್‌ಪಿಎಂ ‘ಡೆವ್ ಡಿಪೆಂಡೆನ್ಸೀಸ್’ (ಆ್ಯಪ್ ಕಟ್ಟುವಾಗ ಮಾತ್ರ ಬೇಕಾದವು) ಪಟ್ಟಿಯಲ್ಲಿರುವುದನ್ನು ಇಳಿಸುವುದೇ ಇಲ್ಲ, ವೀಟ್ ಇರುವುದು ಸಾಮಾನ್ಯವಾಗಿ ಅದೇ ಪಟ್ಟಿಯಲ್ಲಿ. ಬಿಲ್ಡ್ ಮಾಡುವ ಹೆಜ್ಜೆಗೆ ‘ಎನ್‌ಪಿಎಂ ಸಿಐ --ಇನ್‌ಕ್ಲೂಡ್=ಡೆವ್’ ಕೊಟ್ಟರೆ ಸಾಕು.

ಇನ್ನು ಪೆನ್‌ಡ್ರೈವ್ ಸಂಗತಿ. ನೆಟ್‌ವರ್ಕ್ ಇಲ್ಲವೆಂದು ಕುಶಾಲನಗರದಲ್ಲೋ ಮೈಸೂರಿನಲ್ಲೋ ಇರುವ ಸ್ನೇಹಿತರ ಲ್ಯಾಪ್‌ಟಾಪಿನಿಂದ ಇಡೀ ಪ್ರಾಜೆಕ್ಟನ್ನು ನೋಡ್ ಮಾಡ್ಯೂಲ್ಸ್ ಸಮೇತ ತರುವುದು ನಮ್ಮ ಕಡೆ ಸಾಮಾನ್ಯ. ಎರಡೂ ವಿಂಡೋಸ್, ಎರಡರಲ್ಲೂ ನೋಡ್‌ನ ಒಂದೇ ಆವೃತ್ತಿ ಇದ್ದರೆ ನಡೆದೀತು. ವಿಂಡೋಸ್‌ನದನ್ನು ಲಿನಕ್ಸ್‌ಗೆ ತಂದರೆ ರೋಲಪ್, ಇಎಸ್‌ಬಿಲ್ಡ್, ಶಾರ್ಪ್‌ನಂಥ ಪ್ಯಾಕೇಜುಗಳೆಲ್ಲ ಕೈಕೊಡುತ್ತವೆ. ಇವುಗಳಲ್ಲಿ ಆಯಾ ಆಪರೇಟಿಂಗ್ ಸಿಸ್ಟಂಗೆಂದೇ ತಯಾರಾದ ತುಂಡುಗಳಿವೆ, ಒಂದರದ್ದು ಇನ್ನೊಂದಕ್ಕೆ ಆಗದು. ‘ಕೆನಾಟ್ ಫೈಂಡ್ ಮಾಡ್ಯೂಲ್’ ಆದ ಮೇಲೆ ‘@ರೋಲಪ್’ ಎಂದು ಶುರುವಾಗಿ ಹೆಸರಿನಲ್ಲಿ ‘ಲಿನಕ್ಸ್’, ‘ವಿನ್32’ ಎಂಬಂಥದ್ದು ಕಂಡರೆ ಇದೇ ಕಾರಣವೆಂದು ತಿಳಿಯಿರಿ. ಎನ್‌ಪಿಎಂ ಐಚ್ಛಿಕ ಪ್ಯಾಕೇಜುಗಳ ವಿಷಯದಲ್ಲಿ ಮಾಡುವ ಒಂದು ತಪ್ಪಿನಿಂದಲೂ, ಅಂದರೆ ಪ್ಯಾಕೇಜುಗಳ ನಿಖರ ಆವೃತ್ತಿ ಬರೆದಿಡುವ ಲಾಕ್ ಫೈಲಿನಲ್ಲಿ ಒಂದೇ ಸಿಸ್ಟಂನ ತುಂಡು ದಾಖಲಾಗಿ ಉಳಿಯುವುದರಿಂದಲೂ, ಇದು ಬರುತ್ತದೆ. ಆಗ ಮಾತ್ರ ಲಾಕ್ ಫೈಲ್ ಮತ್ತು ನೋಡ್ ಮಾಡ್ಯೂಲ್ಸ್ ಎರಡನ್ನೂ ತೆಗೆದು ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ದಾರಿ. ರೋಲಪ್‌ನ ಎರರ್ ಸಂದೇಶವೇ ಹಾಗೆ ಹೇಳುತ್ತದೆ.

ಫೈಲ್ ಸಿಕ್ಕಿತು, ಆದರೂ ಎರರ್

‘ಡಸ್ ನಾಟ್ ಪ್ರೊವೈಡ್ ಆ್ಯನ್ ಎಕ್ಸ್‌ಪೋರ್ಟ್ ನೇಮ್ಡ್’ ಎಂದರೆ ಫೈಲ್ ತೆರೆಯಿತು, ಒಳಗೆ ಆ ಹೆಸರಿಲ್ಲ ಎಂದರ್ಥ. ಸುರುಳಿ ಕಂಸದ ವ್ಯತ್ಯಾಸವೇ ಸಾಮಾನ್ಯ ಕಾರಣ. ‘ಎಕ್ಸ್‌ಪೋರ್ಟ್ ಡಿಫಾಲ್ಟ್’ ಮಾಡಿದ್ದನ್ನು ಕಂಸವಿಲ್ಲದೆ ತರಿಸಬೇಕು, ಹೆಸರಿಟ್ಟು ಎಕ್ಸ್‌ಪೋರ್ಟ್ ಮಾಡಿದ್ದನ್ನು ಕಂಸದೊಳಗೆ ತರಿಸಬೇಕು.

‘ಕೆನಾಟ್ ಯೂಸ್ ಇಂಪೋರ್ಟ್ ಸ್ಟೇಟ್‌ಮೆಂಟ್ ಔಟ್‌ಸೈಡ್ ಎ ಮಾಡ್ಯೂಲ್’ ಎಂಬುದು ಎರಡು ಪದ್ಧತಿಗಳ ಜಗಳ. 2009ರಲ್ಲಿ ನೋಡ್ ಬಂದಾಗ ಜಾವಾಸ್ಕ್ರಿಪ್ಟ್‌ಗೆ ತನ್ನದೇ ಮಾಡ್ಯೂಲ್ ಪದ್ಧತಿ ಇರಲಿಲ್ಲ. ಅದು ‘ರಿಕ್ವೈರ್’ ಹಿಡಿಯಿತು. ಭಾಷೆಯ ಅಧಿಕೃತ ‘ಇಂಪೋರ್ಟ್’ ಬಂದದ್ದು 2015ರಲ್ಲಿ. ಎರಡೂ ಈಗಲೂ ಜೊತೆಯಲ್ಲೇ ಬದುಕಿವೆ. ಪ್ಯಾಕೇಜ್ ಡಾಟ್ ಜೇಸನ್‌ನಲ್ಲಿ ‘ಟೈಪ್’ ಎಂಬುದಕ್ಕೆ ‘ಮಾಡ್ಯೂಲ್’ ಎಂದು ಬರೆದರೆ ಜೆಎಸ್ ಫೈಲ್‌ಗಳೆಲ್ಲ ಹೊಸ ಪದ್ಧತಿಗೆ ಬರುತ್ತವೆ. ಒಂದೇ ಫೈಲನ್ನು ಹಳೆಯದರಲ್ಲಿ ಉಳಿಸಬೇಕಿದ್ದರೆ ಎಕ್ಸ್‌ಟೆನ್ಷನ್ ‘ಸಿಜೆಎಸ್’ ಮಾಡಿ, ಹೊಸದರಲ್ಲಿ ಇಡಬೇಕಿದ್ದರೆ ‘ಎಂಜೆಎಸ್’. ಹಳೆಯ ನೋಡ್‌ನಲ್ಲಿ ‘ರಿಕ್ವೈರ್’ನಿಂದ ಹೊಸ ಬಗೆಯ ಪ್ಯಾಕೇಜನ್ನು ಕರೆದರೆ ‘ಇಆರ್‌ಆರ್ ರಿಕ್ವೈರ್ ಇಎಸ್‌ಎಂ’ ಬರುತ್ತಿತ್ತು. ನೋಡ್ 22.12ರಿಂದ ಹಾಗೆ ಕರೆಯುವುದಕ್ಕೂ ಅವಕಾಶವಿದೆ, ಹಾಗಾಗಿ ಕೋಡ್ ತಿದ್ದುವ ಮೊದಲು ‘ನೋಡ್ -ವಿ’ ಕೊಟ್ಟು ಆವೃತ್ತಿ ನೋಡಿ.

‘ಕೆನಾಟ್ ಆ್ಯಕ್ಸೆಸ್ … ಬಿಫೋರ್ ಇನಿಶಿಯಲೈಸೇಶನ್’ ಎಂದು ಬಂದು, ಕೋಡ್ ನೋಡಿದರೆ ಎಲ್ಲ ಸರಿಯಿದೆ ಎನಿಸಿದರೆ ಎರಡು ಫೈಲ್‌ಗಳು ಒಂದನ್ನೊಂದು ಇಂಪೋರ್ಟ್ ಮಾಡಿಕೊಳ್ಳುತ್ತಿವೆಯೇ ನೋಡಿ. ಇಬ್ಬರಿಗೂ ಬೇಕಾದ ಭಾಗವನ್ನು ಮೂರನೆಯ ಫೈಲಿಗೆ ಎತ್ತಿಡುವುದೇ ಪರಿಹಾರ.

ಬ್ರೌಸರಿನ ಕನ್ಸೋಲ್‌ನಲ್ಲಿ ಬಂದರೆ

‘ಫೇಲ್ಡ್ ಟು ರಿಸಾಲ್ವ್ ಮಾಡ್ಯೂಲ್ ಸ್ಪೆಸಿಫೈಯರ್’: ಬ್ರೌಸರಿಗೆ ನೋಡ್ ಮಾಡ್ಯೂಲ್ಸ್ ಎಂಬುದೇ ಗೊತ್ತಿಲ್ಲ. ಬರೀ ಹೆಸರು ಕೊಟ್ಟರೆ ಅದು ಕಂಗಾಲು. ವೀಟ್‌ನಂಥ ಬಂಡಲರ್ ಮೂಲಕ ಹೋಗಿ, ಇಲ್ಲವೇ ಪುಟದಲ್ಲಿ ‘ಇಂಪೋರ್ಟ್ ಮ್ಯಾಪ್’ ಬರೆದು ಯಾವ ಹೆಸರಿಗೆ ಯಾವ ವಿಳಾಸ ಎಂದು ತಿಳಿಸಿ. 2023ರಿಂದ ಮುಖ್ಯ ಬ್ರೌಸರುಗಳೆಲ್ಲ ಇದನ್ನು ಅರ್ಥಮಾಡಿಕೊಳ್ಳುತ್ತವೆ.

ಸರ್ವರ್ ‘ಟೆಕ್ಸ್ಟ್/ಎಚ್‌ಟಿಎಂಎಲ್’ ಕೊಟ್ಟಿತು, ಜಾವಾಸ್ಕ್ರಿಪ್ಟ್ ನಿರೀಕ್ಷಿಸಿದ್ದೆ ಎಂಬ ದೂರು ಇನ್ನೊಂದು. ಕೇಳಿದ ಜೆಎಸ್ ಫೈಲ್ ಅಲ್ಲಿಲ್ಲ. ಸರ್ವರ್ ‘ಇಲ್ಲ’ ಎನ್ನುವ ಬದಲು ಮುಖಪುಟವನ್ನೇ ಎತ್ತಿ ಕೊಟ್ಟಿದೆ. ಕನ್ಸೋಲ್ ಪಕ್ಕದ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಆ ಫೈಲಿನ ಮೇಲೆ ಒತ್ತಿ ಉತ್ತರದಲ್ಲಿ ಏನು ಬಂದಿದೆ ನೋಡಿದರೆ ಖಾತ್ರಿಯಾಗುತ್ತದೆ. ಆ್ಯಪ್ ಮುಖ್ಯ ವಿಳಾಸದ ಒಳಗಿನ ಫೋಲ್ಡರಿನಲ್ಲಿದ್ದರೆ ವೀಟ್ ಕಾನ್ಫಿಗ್‌ನ ‘ಬೇಸ್’ ತಿದ್ದಬೇಕು.

ತೋಟದವರು ಮೊಬೈಲಿನಲ್ಲಿ ಆ್ಯಪ್ ತೆರೆದೇ ಇಟ್ಟಿರುತ್ತಾರೆ, ನೀವು ಈ ನಡುವೆ ಹೊಸ ಬಿಲ್ಡ್ ಹಾಕಿರುತ್ತೀರಿ. ವೀಟ್ ಪ್ರತಿ ಬಿಲ್ಡ್‌ನಲ್ಲಿ ಬದಲಾದ ಫೈಲ್‌ಗಳಿಗೆ ಹೊಸ ಹೆಸರಿಡುವುದರಿಂದ, ಹಳೆಯ ಪುಟ ಹಳೆಯ ಹೆಸರನ್ನೇ ಕೇಳಿ ‘ಫೇಲ್ಡ್ ಟು ಫೆಚ್ ಡೈನಾಮಿಕಲಿ ಇಂಪೋರ್ಟೆಡ್ ಮಾಡ್ಯೂಲ್’ ಎನ್ನುತ್ತದೆ. ಅವರಿಗೆ ರಿಫ್ರೆಶ್ ಮಾಡಿ ಎಂದರೆ ಸಾಕು. ಆದರೆ ಅದೇ ಸಂದೇಶ ಸಿಗ್ನಲ್ ಹೋದಾಗಲೂ ಬರುತ್ತದೆ. ನಮ್ಮ ಕಡೆಯ ದೂರುಗಳನ್ನು ಓದುವಾಗ ಇದು ನೆನಪಿರಲಿ. ಹಳೆಯ ಬಿಲ್ಡ್‌ನ ಫೈಲ್‌ಗಳನ್ನು ಸರ್ವರ್‌ನಲ್ಲಿ ಕೆಲವು ದಿನ ಉಳಿಸಿಟ್ಟರೆ ಅರ್ಧ ದೂರು ಬರುವುದೇ ಇಲ್ಲ.

ಬ್ಯಾಕೆಂಡ್ ಪೈಥಾನ್‌ನಲ್ಲಿದ್ದರೆ

ಹೆಚ್ಚೇನಿಲ್ಲ. ‘ಮಾಡ್ಯೂಲ್ ನಾಟ್ ಫೌಂಡ್ ಎರರ್’ ಎಂದರೆ ಸಿಗಲಿಲ್ಲ, ಬರೀ ‘ಇಂಪೋರ್ಟ್ ಎರರ್’ ಎಂದರೆ ಸಾಮಾನ್ಯವಾಗಿ ಮಾಡ್ಯೂಲ್ ಸಿಕ್ಕಿತು, ಒಳಗಿನದು ಸಿಗಲಿಲ್ಲ. ಪೈಥಾನ್ ಪ್ಯಾಕೇಜುಗಳನ್ನು ಇಳಿಸುವ ಪಿಪ್ ಅದನ್ನು ಒಂದು ಪೈಥಾನ್‌ಗೆ ಹಾಕಿ, ಆ್ಯಪ್ ಇನ್ನೊಂದು ಪೈಥಾನ್‌ನಲ್ಲಿ ಓಡುವುದೇ ಮುಖ್ಯ ಕಾಯಿಲೆ. ‘ಪಿಪ್ ಇನ್‌ಸ್ಟಾಲ್’ ಬದಲು ‘ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್’ ಎಂದು ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಇನ್‌ಸ್ಟಾಲ್ ಮಾಡುವ ಹೆಸರೂ ಇಂಪೋರ್ಟ್ ಮಾಡುವ ಹೆಸರೂ ಕೆಲವೊಮ್ಮೆ ಬೇರೆ: ‘ಪಿಲ್ಲೋ’ ಹಾಕಿ ‘ಪಿಐಎಲ್’ ಎಂದು ಕರೆಯಬೇಕು, ‘ಪೈಥಾನ್-ಡಾಟ್‌ಎನ್ವ್’ ಹಾಕಿ ‘ಡಾಟ್‌ಎನ್ವ್’ ಎಂದು. ನಿಮ್ಮ ಫೈಲಿಗೇ ‘ಫ್ಲಾಸ್ಕ್ ಡಾಟ್ ಪಿವೈ’ ಎಂದು ಹೆಸರಿಟ್ಟರೆ ನಿಜವಾದ ಫ್ಲಾಸ್ಕ್ ಪ್ಯಾಕೇಜ್ ಮರೆಯಾಗುತ್ತದೆ.

ಕೊನೆಗೂ ಇನ್‌ಸ್ಟಾಲ್ ಮಾಡಲೇಬೇಕಾದರೆ

ಫೋಲ್ಡರನ್ನು ಅಳಿಸಬೇಡಿ, ಹೆಸರು ಬದಲಿಸಿ. ನೋಡ್ ಮಾಡ್ಯೂಲ್ಸ್‌ಗೆ ‘ಹಳೇ ಮಾಡ್ಯೂಲ್ಸ್’ ಎಂಬರ್ಥದ ಏನಾದರೂ ಹೆಸರು ಕೊಟ್ಟು ಪಕ್ಕಕ್ಕಿಡಿ. ನಡುವೆ ನೆಟ್ ಹೋದರೆ ಅರ್ಧಂಬರ್ಧ ಬಂದದ್ದನ್ನು ತೆಗೆದು, ಹಳೆಯದಕ್ಕೆ ಮೊದಲಿನ ಹೆಸರು ಕೊಟ್ಟರಾಯಿತು. ‘ಎನ್‌ಪಿಎಂ ಸಿಐ’ ಲಾಕ್ ಫೈಲಿನಲ್ಲಿ ಇರುವುದನ್ನೇ ಅಕ್ಷರಶಃ ಇಳಿಸುತ್ತದೆ, ಆದರೆ ಕೆಲಸ ಶುರುಮಾಡುವ ಮೊದಲೇ ಇದ್ದ ನೋಡ್ ಮಾಡ್ಯೂಲ್ಸನ್ನು ತಾನಾಗಿ ಅಳಿಸುತ್ತದೆ. ಹೆಸರು ಬದಲಿಸದೆ ಅದನ್ನು ಕೊಡಲೇಬೇಡಿ.

ಸಿಗ್ನಲ್ ಬಂದು ಹೋಗಿ ಮಾಡುತ್ತಿದ್ದರೆ ಮರುಪ್ರಯತ್ನದ ಸಂಖ್ಯೆ ಹೆಚ್ಚಿಸಿ. ಎನ್‌ಪಿಎಂ ತಾನಾಗಿ 2 ಸಲ ಮಾತ್ರ ಮರುಪ್ರಯತ್ನ ಮಾಡುತ್ತದೆ. ‘ಎನ್‌ಪಿಎಂ ಕಾನ್ಫಿಗ್ ಸೆಟ್ ಫೆಚ್-ರಿಟ್ರೈಸ್ 8’ ಎಂದರೆ ಎಂಟು ಸಲ ನೋಡುತ್ತದೆ. ‘--ಪ್ರಿಫರ್-ಆಫ್‌ಲೈನ್’ ಸೇರಿಸಿದರೆ ಹಿಂದೆ ಇಳಿಸಿದ್ದು ಕ್ಯಾಶ್‌ನಲ್ಲಿದ್ದರೆ ಅದನ್ನೇ ಬಳಸಿ, ಇಲ್ಲದ್ದನ್ನು ಮಾತ್ರ ನೆಟ್‌ನಿಂದ ತರುತ್ತದೆ. ಅರ್ಧಕ್ಕೆ ನಿಂತ ಡೌನ್‌ಲೋಡ್‌ನಿಂದ ಕ್ಯಾಶ್ ಕೆಟ್ಟಿದೆ ಎಂಬ ಅನುಮಾನವಿದ್ದರೆ ‘ಎನ್‌ಪಿಎಂ ಕ್ಯಾಶ್ ವೆರಿಫೈ’ ಕೊಡಿ. ಕ್ಯಾಶನ್ನೇ ಅಳಿಸುವ ಕಮಾಂಡ್ ಮಳೆಗಾಲದಲ್ಲಿ ಬೇಡ.

ಮೇ ತಿಂಗಳು ಮುಗಿಯುವ ಮೊದಲು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಒಳ್ಳೆಯ ಲೈನ್ ಸಿಕ್ಕಲ್ಲಿ ಕೂತು, ಕೈಯಲ್ಲಿರುವ ಪ್ರತಿ ಪ್ರಾಜೆಕ್ಟ್‌ನಲ್ಲಿ ಒಮ್ಮೆ ‘ಎನ್‌ಪಿಎಂ ಸಿಐ’ ಓಡಿಸಿಬಿಡಿ. ಬೇಕಾದದ್ದೆಲ್ಲ ಕ್ಯಾಶ್‌ಗೆ ಬಂದು ಕೂರುತ್ತದೆ. ಆಮೇಲೆ ಜುಲೈನಲ್ಲಿ ಒಂದು ಕಡ್ಡಿ ಸಿಗ್ನಲ್ ಇಲ್ಲದಿದ್ದರೂ, ಲಾಕ್ ಫೈಲ್ ಬದಲಾಗಿರದಿದ್ದರೆ, ‘ಎನ್‌ಪಿಎಂ ಸಿಐ --ಆಫ್‌ಲೈನ್’ ಎಂದರೆ ಇನ್‌ಸ್ಟಾಲ್ ಮುಗಿಯುತ್ತದೆ. ‘ಎನ್‌ಪಿಎಂ ಎಲ್‌ಎಸ್’ ಕೊಟ್ಟು ‘ಮಿಸ್ಸಿಂಗ್’ ಎಂದು ಎಲ್ಲೂ ಇಲ್ಲದ್ದನ್ನು ಖಚಿತಪಡಿಸಿಕೊಂಡು, ಆ್ಯಪ್ ಒಮ್ಮೆ ಓಡಿಸಿ ನೋಡಿ, ಪಕ್ಕಕ್ಕಿಟ್ಟ ಹಳೆಯ ಫೋಲ್ಡರನ್ನು ಆಗ ಅಳಿಸಿ.